ಚಿತ್ರದ ವಿಳಾಸವೂ ವ್ಯಾಪಾರದ ಆಸ್ತಿಯೇ

ಸ್ವಂತ ಜಾಲತಾಣವಿಲ್ಲದ ವರ್ತಕರಾಗಲಿ ಸಣ್ಣ ಕೈಗಾರಿಕೋದ್ಯಮಿಗಳಾಗಲಿ ಇಂದು ನಮ್ಮ ನಡುವೆ ವಿರಳ. ಅದನ್ನು ನಿರ್ಮಿಸಿಕೊಟ್ಟವರಿಗೆ ಹಣ ಪಾವತಿಸಿ, ವರ್ಷಕ್ಕೊಮ್ಮೆ ನವೀಕರಣ ಶುಲ್ಕ ಕಟ್ಟಿ, ಮಿಕ್ಕಿದ್ದನ್ನೆಲ್ಲ ಅವರ ವಿವೇಚನೆಗೆ ಬಿಟ್ಟು ನಿಶ್ಚಿಂತರಾಗಿರುವವರೇ ಬಹುಪಾಲು. ಇಂಥವರಲ್ಲಿ ಕಳೆದ ಕೆಲವು ವರ್ಷಗಳಿಂದ ಒಂದು ದೂರು ಪದೇ ಪದೇ ಕೇಳಿಬರುತ್ತಿದೆ. ಜಾಲತಾಣವನ್ನು ವೇಗಗೊಳಿಸುವ ಸಲುವಾಗಿ ಅದರಲ್ಲಿನ ಚಿತ್ರಗಳನ್ನೆಲ್ಲ ಹೊಸ ಫಾರ್ಮ್ಯಾಟ್‌ಗೆ ಬದಲಾಯಿಸಲಾಯಿತು. ಪುಟಗಳು ನಿಜಕ್ಕೂ ಬೇಗ ತೆರೆದುಕೊಳ್ಳತೊಡಗಿದವು. ಆದರೆ ಗೂಗಲ್‌ನ ಚಿತ್ರಶೋಧದಲ್ಲಿ ಅದುವರೆಗೆ ಮೊದಲ ಸಾಲುಗಳಲ್ಲಿ ಕಾಣುತ್ತಿದ್ದ ಸರಕಿನ ಚಿತ್ರಗಳು ಕೆಲವೇ ವಾರಗಳಲ್ಲಿ ಕಣ್ಮರೆಯಾದವು; ಅವುಗಳ ಮೂಲಕ ಬರುತ್ತಿದ್ದ ವಿಚಾರಣೆಗಳೂ ನಿಂತವು.

ಈ ದೂರಿಗೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಎರಡು. ಹೊಸ ಫಾರ್ಮ್ಯಾಟೇ ಸರಿಯಿಲ್ಲ ಎಂಬುದು ಒಂದು; ಎಲ್ಲವೂ ಗೂಗಲ್‌ನ ಇಚ್ಛೆ, ಯಾರೇನು ಮಾಡಲಾದೀತು ಎಂಬುದು ಇನ್ನೊಂದು. ಎರಡೂ ಸರಿಯಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇಂಥ ಬಹುತೇಕ ಪ್ರಕರಣಗಳಲ್ಲಿ ನಷ್ಟಕ್ಕೆ ಕಾರಣ ಫಾರ್ಮ್ಯಾಟ್ ಅಲ್ಲ, ಅದರೊಂದಿಗೆ ಯಾರ ಗಮನಕ್ಕೂ ಬಾರದೆ ಬದಲಾಗಿಹೋದ ಚಿತ್ರದ ವಿಳಾಸ. ಇದು ತಪ್ಪಿಸಬಹುದಾದ ನಷ್ಟ. ತಪ್ಪಿಸುವ ಹೊಣೆಯನ್ನು ಕಾರ್ಯಾದೇಶದಲ್ಲೇ ಬರೆಸಿಕೊಳ್ಳಬೇಕಾದವರು ಜಾಲತಾಣದ ಒಡೆಯರಾದ ನಾವು.

ಚಿತ್ರಶೋಧವೆಂದರೆ ಕಾಲಹರಣದ ವಿಷಯ, ಅದರಿಂದ ನೋಡುವವರು ಬರುತ್ತಾರೆಯೇ ಹೊರತು ಕೊಳ್ಳುವವರಲ್ಲ ಎಂಬ ಭಾವನೆ ನಮ್ಮಲ್ಲಿ ಇನ್ನೂ ಉಳಿದಿದೆ. ಲೆಕ್ಕಪರಿಶೋಧಕರನ್ನೋ ಸಾಗಣೆ ಕಂಪನಿಯನ್ನೋ ಹುಡುಕುವವರ ಮಟ್ಟಿಗೆ ಅದು ನಿಜವಿರಬಹುದು. ಆದರೆ ಇಳಕಲ್ಲಿನ ಸೀರೆಯನ್ನು ಕೊಳ್ಳುವವರು ದಡಿ ಸೆರಗುಗಳನ್ನು ಕಣ್ಣಿನಿಂದ ನೋಡಿಯೇ ಆರಿಸುತ್ತಾರೆ. ಹೊರರಾಜ್ಯದ ಅಂಗಡಿಯವರಿಗೆ ಗೋಮಿ ದಡಿ, ಟೋಪ್ ತೆನಿ ಸೆರಗು ಎಂಬ ಹೆಸರುಗಳು ತಿಳಿದಿರಬೇಕೆಂದಿಲ್ಲ. ಚಿತ್ರ ಕಂಡರೆ ಗುರುತಿಸುತ್ತಾರೆ. ಚನ್ನಪಟ್ಟಣದ ಆಟಿಕೆ, ಬೀದರಿನ ಬಿದ್ರಿ ಪಾತ್ರೆ, ಮಂಗಳೂರು ಹೆಂಚು ಇವೆಲ್ಲವೂ ಹೀಗೆಯೇ. ಬೆಳಗಾವಿಯ ಎರಕದ ಕಾರ್ಖಾನೆಗಳಿಗೂ ಪೀಣ್ಯದ ಬಿಡಿಭಾಗ ತಯಾರಕರಿಗೂ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಯಂತ್ರದಲ್ಲಿ ಒಂದು ಭಾಗ ಮುರಿದರೆ ಅದರ ಶಾಸ್ತ್ರೀಯ ಹೆಸರು ರಿಪೇರಿ ಮಾಡುವ ಮೆಕ್ಯಾನಿಕ್‌ಗೆ ತಿಳಿದಿರುವುದಿಲ್ಲ. ಅದನ್ನು ಹೋಲುವ ಚಿತ್ರವನ್ನು ಆತ ಹುಡುಕುತ್ತಾನೆ. 2017ರಲ್ಲಿ ಗೂಗಲ್ ಲೆನ್ಸ್ ಬಂದ ಮೇಲಂತೂ ಮುರಿದ ಭಾಗದ ಮುಂದೆ ಮೊಬೈಲ್ ಹಿಡಿದರೆ ಸಾಕು. ಹೀಗೆ ಬರುವ ಗಿರಾಕಿಗೆ ಸರಕು ಏನೆಂಬುದು ಮೊದಲೇ ನಿಶ್ಚಯವಾಗಿರುತ್ತದೆ, ಯಾರಲ್ಲಿ ಸಿಗುತ್ತದೆ ಎಂಬುದಷ್ಟೇ ತಿಳಿಯಬೇಕಾಗಿರುತ್ತದೆ. ಇದಕ್ಕಿಂತ ಒಳ್ಳೆಯ ಗಿರಾಕಿ ಯಾರು?

ಪ್ರಸಂಗವಶಾತ್ ಹೇಳುವುದಾದರೆ, ಚಿತ್ರಶೋಧ ಹುಟ್ಟಿದ್ದೇ ಒಂದು ಬಟ್ಟೆಯ ದೆಸೆಯಿಂದ. 2000ದ ಫೆಬ್ರವರಿಯಲ್ಲಿ ಗ್ರ್ಯಾಮಿ ಪ್ರಶಸ್ತಿ ಸಮಾರಂಭಕ್ಕೆ ಗಾಯಕಿ ಜೆನಿಫರ್ ಲೋಪೆಜ್ ಧರಿಸಿ ಬಂದ ಹಸಿರು ಉಡುಪನ್ನು ನೋಡಬೇಕೆಂದು ಜನ ಗೂಗಲ್‌ಗೆ ಮುಗಿಬಿದ್ದರು. ಕೊಡಲು ಅದರ ಬಳಿ ಬರಹದ ಕೊಂಡಿಗಳ ಹೊರತು ಬೇರೇನೂ ಇರಲಿಲ್ಲ. 2001ರ ಜುಲೈನಲ್ಲಿ ಚಿತ್ರಶೋಧ ಆರಂಭವಾಯಿತು. ಜವಳಿ ವ್ಯಾಪಾರಿಗಳು ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಫಾರ್ಮ್ಯಾಟ್‌ಗಳ ವಿಚಾರ. ನಾವು ಬಹುಕಾಲದಿಂದ ಬಳಸುತ್ತಿರುವ ಜೆಪೆಗ್ 1992ರಷ್ಟು ಹಳೆಯ ಮಾನಕ. ಗೂಗಲ್ 2010ರಲ್ಲಿ ವೆಬ್‌ಪಿ ಎಂಬ ಫಾರ್ಮ್ಯಾಟನ್ನು ಪ್ರಕಟಿಸಿತು. ಸಮಾನ ಗುಣಮಟ್ಟದ ಜೆಪೆಗ್ ಚಿತ್ರಕ್ಕಿಂತ ಇದು ಶೇ. 25ರಿಂದ 34ರಷ್ಟು ಚಿಕ್ಕದೆಂಬುದು ಗೂಗಲ್‌ನದೇ ಲೆಕ್ಕ. ಆದರೂ ಹತ್ತು ವರ್ಷ ಇದು ಸಣ್ಣ ಉದ್ಯಮಗಳ ಜಾಲತಾಣಗಳತ್ತ ಹೆಚ್ಚಾಗಿ ಸುಳಿಯಲಿಲ್ಲ. ಆಪಲ್‌ನ ಸಫಾರಿ ಬ್ರೌಸರ್ ಇದನ್ನು ತೋರಿಸುತ್ತಿರಲಿಲ್ಲವೆಂಬುದು ಮುಖ್ಯ ಕಾರಣ. 2020ರ ಸೆಪ್ಟೆಂಬರಿನಲ್ಲಿ ಸಫಾರಿ ಒಪ್ಪಿತು. 2021ರ ಜುಲೈನಲ್ಲಿ ವರ್ಡ್‌ಪ್ರೆಸ್ ತನ್ನ 5.8ನೇ ಆವೃತ್ತಿಯಲ್ಲಿ ಇದಕ್ಕೆ ಬಾಗಿಲು ತೆರೆಯಿತು. ಅದೇ ವರ್ಷ ಗೂಗಲ್ ಪುಟಗಳ ವೇಗಕ್ಕೆ ಸಂಬಂಧಿಸಿದ ಹೊಸ ಅಳತೆಗಳನ್ನು ಶ್ರೇಯಾಂಕಕ್ಕೆ ಸೇರಿಸಿತು. ಪುಟದ ವೇಗವನ್ನು ಅಳೆಯುವ ಗೂಗಲ್‌ನ ಉಚಿತ ಸಾಧನವು ಹೊಸ ಪೀಳಿಗೆಯ ಫಾರ್ಮ್ಯಾಟ್‌ಗಳನ್ನು ಬಳಸಿರೆಂದು ಸೂಚಿಸತೊಡಗಿತು. ಜಾಲತಾಣ ನಿರ್ವಾಹಕರಿಗೆ ಇದಕ್ಕಿಂತ ಹೆಚ್ಚಿನ ಪ್ರಮಾಣಪತ್ರ ಬೇಕೆ? ಪ್ಲಗಿನ್ ಒಂದನ್ನು ಹಾಕಿ ಗುಂಡಿ ಒತ್ತಿದರೆ ಸಾವಿರ ಚಿತ್ರಗಳು ಒಂದೇ ರಾತ್ರಿಯಲ್ಲಿ ಬದಲಾಗುತ್ತವೆ. ಬಿಲ್ಲಿನಲ್ಲಿ ‘ಸ್ಪೀಡ್ ಆಪ್ಟಿಮೈಸೇಷನ್’ ಎಂಬ ಒಂದು ಸಾಲು ಸೇರುತ್ತದೆ.

ಗುಂಡಿ ಒತ್ತಿದಾಗ ನಡೆಯುವುದೇನೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪ್ರತಿಯೊಂದು ಪುಟಕ್ಕೆ ಹೇಗೆ ಅಂತರ್ಜಾಲದಲ್ಲಿ ಒಂದು ವಿಳಾಸವಿದೆಯೋ ಹಾಗೆಯೇ ಪ್ರತಿಯೊಂದು ಚಿತ್ರಕ್ಕೂ ತನ್ನದೇ ವಿಳಾಸವಿದೆ. ಆ ವಿಳಾಸದ ಕೊನೆಯಲ್ಲಿರುವುದು ಕಡತದ ಹೆಸರು. ಕಡತದ ಹೆಸರಿನ ಕೊನೆಯಲ್ಲಿರುವುದು ಫಾರ್ಮ್ಯಾಟಿನ ಗುರುತು. ಡಾಟ್ ಜೆಪಿಜಿ ಎಂದಿದ್ದದ್ದು ಡಾಟ್ ವೆಬ್‌ಪಿ ಎಂದಾದರೆ ನಮ್ಮ ಕಣ್ಣಿಗೆ ಅದೇ ಸೀರೆ, ಅದೇ ಸೆರಗು. ಶೋಧಯಂತ್ರದ ದಾಖಲೆಯಲ್ಲಿ ಮಾತ್ರ ಅದು ಇದುವರೆಗೆ ಯಾರೂ ಕಾಣದ ಹೊಸ ಚಿತ್ರ. ಶೋಧಯಂತ್ರವು ಚಿತ್ರದ ಸುತ್ತಲಿನ ಬರಹ, ಶೀರ್ಷಿಕೆ, ಪರ್ಯಾಯ ಪಠ್ಯ, ಬೇರೆ ತಾಣಗಳು ಆ ಚಿತ್ರಕ್ಕೆ ಕೊಟ್ಟಿರುವ ಕೊಂಡಿಗಳು ಇವೆಲ್ಲವನ್ನೂ ವರ್ಷಗಟ್ಟಲೆ ಗಮನಿಸಿ ಆ ವಿಳಾಸದ ಖಾತೆಗೆ ಜಮಾ ಮಾಡಿಕೊಂಡಿರುತ್ತದೆ. ವಿಳಾಸ ಬದಲಾದಾಗ ಹೊಸ ಖಾತೆ ತೆರೆಯುತ್ತದೆ; ಹಳೆಯ ಖಾತೆಯ ಶಿಲ್ಕು ಅದಕ್ಕೆ ತಾನಾಗಿಯೇ ಬಂದು ಸೇರುವುದಿಲ್ಲ. ಇದರ ಮೇಲೆ ಹಳೆಯ ಕಡತಗಳನ್ನು ಅಳಿಸಿಹಾಕಿದ್ದರೆ ಕೇಳುವುದೇ ಬೇಡ. ಶೋಧಯಂತ್ರ ಹಳೆಯ ವಿಳಾಸಕ್ಕೆ ಹೋಗಿ ನೋಡಿದಾಗ 404, ಅಂದರೆ ಇಲ್ಲಿ ಏನೂ ಇಲ್ಲ ಎಂಬ ಉತ್ತರ ಬರುತ್ತದೆ. ಆ ಉತ್ತರ ಮರಳಿ ಮರಳಿ ಬಂದಂತೆ ಚಿತ್ರ ಪಟ್ಟಿಯಿಂದ ಇಳಿಯುತ್ತದೆ.

ಅಂಗಡಿಯನ್ನು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಸ್ಥಳಾಂತರಿಸುವಾಗ ಹಳೆಯ ಬಾಗಿಲಿಗೆ ಹೊಸ ವಿಳಾಸದ ಫಲಕ ತಗುಲಿಸದ ವರ್ತಕರನ್ನು ನಾನು ಕಂಡಿಲ್ಲ. ಅಂತರ್ಜಾಲದಲ್ಲಿಯೂ ಈ ಫಲಕವಿದೆ. 301 ಎಂಬ ಸಂಖ್ಯೆಯಿಂದ ಅದನ್ನು ಗುರುತಿಸುತ್ತಾರೆ. ಶಾಶ್ವತ ಮರುನಿರ್ದೇಶನವೆಂದು ಅದರ ಅರ್ಥ. ಹಳೆಯ ವಿಳಾಸಕ್ಕೆ ಬಂದವರನ್ನು, ಶೋಧಯಂತ್ರವನ್ನೂ ಸೇರಿಸಿ, ಅದು ಹೊಸ ವಿಳಾಸಕ್ಕೆ ಕಳುಹಿಸುತ್ತದೆ. ಪುಟಗಳ ವಿಳಾಸ ಬದಲಾಯಿಸುವಾಗ ಹೆಚ್ಚಿನ ನಿರ್ವಾಹಕರು ಇದನ್ನು ಮರೆಯುವುದಿಲ್ಲ. ಚಿತ್ರಗಳಿಗೂ ಇದೇ ನಿಯಮವೆಂಬುದು ಮಾತ್ರ ಹಲವರ ಲಕ್ಷ್ಯಕ್ಕೆ ಬಂದಿಲ್ಲ. ಪ್ರತಿ ಹಳೆಯ ಚಿತ್ರ ಅದದೇ ಹೊಸ ಚಿತ್ರಕ್ಕೆ ಹೋಗಬೇಕು. ಎಲ್ಲವನ್ನೂ ಒಟ್ಟಾಗಿ ಜಾಲತಾಣದ ಮುಖಪುಟಕ್ಕೆ ತಿರುಗಿಸಿಬಿಡುವುದರಿಂದ ಪ್ರಯೋಜನವಿಲ್ಲ. ಕಡತದ ಹೆಸರಿನ ಕೊನೆಯಷ್ಟೇ ಬದಲಾಗಿದ್ದರೆ ಸರ್ವರ್‌ನಲ್ಲಿ ಒಂದೆರಡು ಸಾಲಿನ ಸೂಚನೆ ಬರೆದರೆ ಸಾವಿರಾರು ಚಿತ್ರಗಳಿಗೆ ಅದು ಸಾಕಾಗುತ್ತದೆ. ಅಷ್ಟು ಅಲ್ಪ ಕೆಲಸವನ್ನು ಬಿಟ್ಟಿದ್ದಕ್ಕೆ ಇಷ್ಟು ದೊಡ್ಡ ನಷ್ಟವೆಂಬುದೇ ಖೇದಕರ.

ನಷ್ಟ ತುಂಬಿಕೊಳ್ಳಲು ತಡವಾಗುವುದಕ್ಕೂ ಕಾರಣವಿದೆ. ಪುಟದ ಬರಹ ಆಗಾಗ ಬದಲಾಗುತ್ತದೆ, ಚಿತ್ರ ಬದಲಾಗುವುದು ಅಪರೂಪ ಎಂಬ ಅನುಭವದಿಂದ ಶೋಧಯಂತ್ರವು ಚಿತ್ರಗಳನ್ನು ಪುಟಗಳಷ್ಟು ಪದೇ ಪದೇ ಬಂದು ನೋಡುವುದಿಲ್ಲ. ಗೂಗಲ್‌ನ ಶೋಧ ವಿಭಾಗದ ಜಾನ್ ಮ್ಯುಲರ್ ಅವರೂ ಈ ಕಾರಣವನ್ನು ವಿವರಿಸಿ, ಚಿತ್ರಗಳ ವಿಳಾಸ ಬದಲಾಯಿಸುವುದಾದರೆ ಮರುನಿರ್ದೇಶನ ಇರಬೇಕೆಂದು ಸಲಹೆ ನೀಡಿದ್ದಾರೆ. ಹೊಸ ಚಿತ್ರಗಳು ಹಳೆಯವುಗಳ ಜಾಗಕ್ಕೆ ಬರಲು ತಿಂಗಳುಗಳೇ ಹಿಡಿಯಬಹುದು. ಅಷ್ಟರಲ್ಲಿ ಅದೇ ಸರಕಿನ ಮತ್ತೊಬ್ಬರ ಚಿತ್ರ ಮೇಲೇರಿ ಕುಳಿತಿರುತ್ತದೆ. ಹಲವು ವೇಳೆ ಆ ಮತ್ತೊಬ್ಬರು ಎದುರಾಳಿ ತಯಾರಕರೂ ಆಗಿರುವುದಿಲ್ಲ. ನಮ್ಮ ಚಿತ್ರವನ್ನೇ ತೆಗೆದುಕೊಂಡು ತಮ್ಮ ಪುಟದಲ್ಲಿ ಹಾಕಿಕೊಂಡಿರುವ ಮಾರಾಟ ಮಧ್ಯವರ್ತಿಗಳಾಗಿರುತ್ತಾರೆ.

ಇದು ಬೇಗ ಬೆಳಕಿಗೆ ಬಾರದಿರುವುದು ಇನ್ನೊಂದು ತೊಡಕು. ಚಿತ್ರದ ವಿಳಾಸ ಬದಲಾದ ಮಾತ್ರಕ್ಕೆ ಸಾಮಾನ್ಯ ಬರಹಶೋಧದಲ್ಲಿ ಪುಟದ ಸ್ಥಾನ ಕುಸಿಯುವುದಿಲ್ಲ. ಮಾಲೀಕರು ತಮ್ಮ ಸಂಸ್ಥೆಯ ಹೆಸರನ್ನು ಟೈಪಿಸಿ ನೋಡುತ್ತಾರೆ, ಮೊದಲಿಗೇ ಬರುತ್ತದೆ, ಸಮಾಧಾನವಾಗುತ್ತದೆ. ಚಿತ್ರಶೋಧದ ಅಂಕಿಅಂಶಗಳು ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಪ್ರತ್ಯೇಕವಾಗಿವೆ. ಕಾರ್ಯಕ್ಷಮತೆಯ ವರದಿಯಲ್ಲಿ ಶೋಧದ ಬಗೆಯನ್ನು ‘ಚಿತ್ರ’ ಎಂದು ಬದಲಾಯಿಸಿಕೊಂಡರೆ ಮಾತ್ರ ಅವು ಕಾಣುತ್ತವೆ. ಅಲ್ಲಿ 16 ತಿಂಗಳ ಲೆಕ್ಕ ಉಳಿದಿರುತ್ತದೆ. ಈ ಆಗಸ್ಟನ್ನು ಜುಲೈಗೆ ಹೋಲಿಸದೆ ಹಿಂದಿನ ವರ್ಷದ ಆಗಸ್ಟಿಗೆ ಹೋಲಿಸಿ ನೋಡಬೇಕು. ಆಷಾಢದ ಮಂದಗತಿಯನ್ನು ಫಾರ್ಮ್ಯಾಟಿನ ತಲೆಗೆ ಕಟ್ಟುವುದೂ ನ್ಯಾಯವಲ್ಲ.

ಇಲ್ಲಿ ನನ್ನದೊಂದು ಮೂಲಭೂತ ಆಕ್ಷೇಪವಿದೆ. ನಮ್ಮ ಬಹುತೇಕ ಜಾಲತಾಣಗಳು ನಿಧಾನವಾಗಿರುವುದು ಜೆಪೆಗ್‌ನಿಂದಲ್ಲ. ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ತೆಗೆದ ಹಾಗೆಯೇ ಏರಿಸಿರುವುದರಿಂದ. 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ 120 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಅದನ್ನೇ 1200ಕ್ಕೆ 900ರ ಅಳತೆಗೆ ಇಳಿಸಿದರೆ ಉಳಿಯುವುದು 10 ಲಕ್ಷ 80 ಸಾವಿರ. ಹನ್ನೊಂದರಲ್ಲಿ ಒಂದು ಪಾಲು. ಫಾರ್ಮ್ಯಾಟ್ ಬದಲಾವಣೆಯ ಉಳಿತಾಯ ಹೆಚ್ಚೆಂದರೆ ಮೂರರಲ್ಲಿ ಒಂದು ಪಾಲು. ನೇಯ್ಗೆಯ ಎಳೆ ಕಾಣಬೇಕಾದ ಸೀರೆಗೆ ತುಸು ದೊಡ್ಡ ಅಳತೆ ಇಟ್ಟುಕೊಂಡರೂ ಲಾಭದ ಅಂತರ ಎದ್ದು ಕಾಣುತ್ತದೆ. ಹೀಗೆ ಕಿರಿದಾಗಿಸಿದ ಚಿತ್ರವನ್ನು ಅದೇ ಜೆಪೆಗ್ ಫಾರ್ಮ್ಯಾಟಿನಲ್ಲಿ, ಅದೇ ಹೆಸರಿನಲ್ಲಿ, ಅದೇ ಜಾಗದಲ್ಲಿ ಇಟ್ಟರೆ ವಿಳಾಸ ಒಂದಕ್ಷರವೂ ಬದಲಾಗುವುದಿಲ್ಲ. ಐವತ್ತು ನೂರು ಸರಕುಗಳಿರುವ ಸಣ್ಣ ತಯಾರಕರಿಗೆ ಇಷ್ಟೇ ಸಾಕೆಂದು ನಾನು ಧೈರ್ಯವಾಗಿ ಹೇಳಬಲ್ಲೆ. ಮೊದಲು ಇದನ್ನು ಮಾಡಿ, ವೇಗವನ್ನು ಅಳೆದು, ಇನ್ನೂ ಸಾಲದೆನಿಸಿದರೆ ವೆಬ್‌ಪಿಯ ಮಾತೆತ್ತಬೇಕು. ಕ್ರಮ ತಿರುವುಮುರುವಾಗಿರುವುದು ಏಕೆಂದರೆ ಗುಂಡಿ ಒತ್ತುವುದು ಸುಲಭ, ಚಿತ್ರಗಳನ್ನು ನೋಡಿ ಅಳತೆ ನಿರ್ಧರಿಸುವುದು ಶ್ರಮದ ಕೆಲಸ.

ವೆಬ್‌ಪಿಯೇ ಬೇಕೆನ್ನುವವರಿಗೂ ವಿಳಾಸ ಉಳಿಸಿಕೊಳ್ಳುವ ದಾರಿಗಳಿವೆ. ಕೆಲವು ಪ್ಲಗಿನ್‌ಗಳು ಮೂಲ ಜೆಪೆಗ್ ಕಡತವನ್ನು ಹಾಗೆಯೇ ಇಟ್ಟು, ಅದೇ ವಿಳಾಸದಲ್ಲಿ, ಹೊಸ ಫಾರ್ಮ್ಯಾಟನ್ನು ಬಲ್ಲ ಬ್ರೌಸರ್‌ಗೆ ವೆಬ್‌ಪಿ ಪ್ರತಿಯನ್ನು ಕೊಡುತ್ತವೆ. ಕೆಲವು, ಪುಟದಲ್ಲಿ ಎರಡೂ ಪ್ರತಿಗಳ ಉಲ್ಲೇಖವಿಟ್ಟು ಮುಖ್ಯ ಚಿತ್ರವಾಗಿ ಹಳೆಯದನ್ನೇ ಉಳಿಸುತ್ತವೆ. ಮತ್ತೆ ಕೆಲವು ಎಲ್ಲ ವಿಳಾಸಗಳನ್ನೂ ಬದಲಾಯಿಸಿ ಮೂಲ ಕಡತಗಳನ್ನು ಅಳಿಸಿಯೇ ಬಿಡುತ್ತವೆ. ಮೂರಕ್ಕೂ ಜಾಹೀರಾತು ಒಂದೇ ತೆರನಾಗಿರುವುದರಿಂದ ಕೊಳ್ಳುವ ಮೊದಲೇ ಕೇಳಿ ತಿಳಿಯಬೇಕು. ಹೊಸದಾಗಿ ಜಾಲತಾಣ ಕಟ್ಟಿಸುವವರಿಗೆ ಇನ್ನೂ ಉತ್ತಮ ಉಪಾಯವಿದೆ: ಚಿತ್ರದ ವಿಳಾಸದಲ್ಲಿ ಫಾರ್ಮ್ಯಾಟಿನ ಗುರುತೇ ಇಲ್ಲದಂತೆ ನೋಡಿಕೊಳ್ಳುವುದು. ವರ್ಲ್ಡ್ ವೈಡ್ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಅವರು 1998ರಲ್ಲೇ, ತಂತ್ರಜ್ಞಾನ ಬದಲಾಗುತ್ತದೆ, ಆದ್ದರಿಂದ ವಿಳಾಸದಲ್ಲಿ ಕಡತದ ಬಗೆಯನ್ನು ಸೂಚಿಸುವ ಅಕ್ಷರಗಳಿರಬಾರದೆಂದು ವಿವರಿಸಿ ಬರೆದಿದ್ದರು. ಕಾಲು ಶತಮಾನ ಕಳೆದ ಮೇಲೂ ಅದು ನಮ್ಮ ನಿರ್ವಾಹಕರ ಕಿವಿಗೆ ಬಿದ್ದಂತಿಲ್ಲ.

ಫಾರ್ಮ್ಯಾಟ್ ಬದಲಾವಣೆಯ ಜೊತೆಜೊತೆಗೇ ನುಸುಳುವ ಇತರ ದೋಷಗಳನ್ನೂ ಹೇಳದೆ ಬಿಡುವಂತಿಲ್ಲ. ಚಿತ್ರವನ್ನು ಪುಟದ ಹಿನ್ನೆಲೆಯಾಗಿ ಹಾಕಿದರೆ ಗೂಗಲ್ ಅದನ್ನು ಚಿತ್ರಶೋಧಕ್ಕೆ ಪರಿಗಣಿಸುವುದಿಲ್ಲ. ಪರ್ಯಾಯ ಪಠ್ಯ ಅಳಿಸಿಹೋಗಿರಬಹುದು. ವರ್ಡ್‌ಪ್ರೆಸ್‌ನಲ್ಲಿ ಥೀಮ್ ಬದಲಾಯಿಸಿದಾಗ ಚಿತ್ರಗಳ ಅಳತೆಯೂ ಅಳತೆಯನ್ನು ಹೊತ್ತ ಕಡತದ ಹೆಸರೂ ಬದಲಾಗಬಹುದು. ಅದೂ ವಿಳಾಸ ಬದಲಾವಣೆಯೇ. ಗೂಗಲ್ ಮರ್ಚೆಂಟ್ ಸೆಂಟರ್‌ಗೆ ಸರಕುಪಟ್ಟಿ ಕೊಟ್ಟಿರುವವರಿಗೆ ಅಪಾಯ ಇಮ್ಮಡಿ. ಪಟ್ಟಿಯಲ್ಲಿರುವ ಹಳೆಯ ಚಿತ್ರದ ಕೊಂಡಿ ಕೆಲಸ ಮಾಡದಿದ್ದರೆ ಸರಕೇ ತಿರಸ್ಕೃತವಾಗುವ ಸಂಭವವಿದೆ.

ಈಗಾಗಲೇ ನಷ್ಟ ಅನುಭವಿಸಿದವರು ಗಾಬರಿಯಿಂದ ಎಲ್ಲವನ್ನೂ ಮರಳಿ ಜೆಪೆಗ್‌ಗೆ ತಿರುಗಿಸಲು ಹೊರಡುವುದುಂಟು. ಬದಲಾವಣೆಯಾಗಿ ಕೆಲವೇ ದಿನಗಳಾಗಿದ್ದು, ಹಳೆಯ ಹೆಸರಿನ ಹಳೆಯ ಕಡತಗಳೇ ಬ್ಯಾಕಪ್‌ನಲ್ಲಿದ್ದರೆ ಅದಕ್ಕೊಂದು ಅರ್ಥವಿದೆ. ತಿಂಗಳುಗಳು ಕಳೆದು, ಹೊಸ ಚಿತ್ರಗಳು ನಿಧಾನವಾಗಿ ಪಟ್ಟಿ ಸೇರುತ್ತಿರುವಾಗ ಮತ್ತೆ ವಿಳಾಸ ಬದಲಾಯಿಸಿದರೆ ಎರಡನೆಯ ನಷ್ಟವನ್ನು ಕೈಯಾರೆ ತಂದುಕೊಂಡಂತೆ. ಅಂಥವರು ಹಳೆಯ ವಿಳಾಸಗಳ ಪಟ್ಟಿಯನ್ನು ಬ್ಯಾಕಪ್‌ನಿಂದಲೋ ಹಳೆಯ ಸರಕುಪಟ್ಟಿಯಿಂದಲೋ ಸಂಗ್ರಹಿಸಿ, ತಡವಾಗಿಯಾದರೂ ಮರುನಿರ್ದೇಶನ ಹಾಕಿಸಬೇಕು. ಹೊಸ ಚಿತ್ರಗಳ ವಿಳಾಸಗಳಿರುವ ಸೈಟ್‌ಮ್ಯಾಪನ್ನು ಸರ್ಚ್ ಕನ್ಸೋಲ್‌ನಲ್ಲಿ ಸಲ್ಲಿಸಬೇಕು. ಶೋಧಯಂತ್ರ ತಾನು ಒಮ್ಮೆ ಬಲ್ಲ ವಿಳಾಸಗಳನ್ನು ಮಧ್ಯೆ ಮಧ್ಯೆ ಮತ್ತೆ ತಟ್ಟಿ ನೋಡುತ್ತದೆಯಾದ್ದರಿಂದ ಫಲಕ ಹಾಕುವುದು ವ್ಯರ್ಥವಲ್ಲ. ಹಿಂದಿನ ಸ್ಥಾನವೇ ದೊರೆಯುತ್ತದೆಂದು ಮಾತ್ರ ಯಾರೂ ಭರವಸೆ ಕೊಡಲಾರರು. ಕೊಡುವವರಿದ್ದರೆ ಅವರಿಗೆ ಮುಂಗಡ ಕೊಡಬೇಡಿ.

ನಿರ್ವಾಹಕರನ್ನಷ್ಟೇ ದೂಷಿಸುವುದು ನನ್ನ ಉದ್ದೇಶವಲ್ಲ. ವೇಗ ಬೇಕೆಂದು ಕೇಳಿದೆವು, ವೇಗ ಕೊಟ್ಟರು. ಚಿತ್ರಗಳ ಸ್ಥಾನ ಉಳಿಯಬೇಕೆಂದು ನಾವು ಕೇಳಲೂ ಇಲ್ಲ, ಬರೆದುಕೊಡಲೂ ಇಲ್ಲ. ಶೆಡ್ಡಿನ ಛಾವಣಿ ಬದಲಾಯಿಸುವ ಕಂತ್ರಾಟುದಾರರೊಂದಿಗೆ ಒಳಗಿನ ಯಂತ್ರಗಳು ನೆನೆದರೆ ಹೊಣೆ ಯಾರದೆಂದು ಮೊದಲೇ ಮಾತನಾಡಿಕೊಳ್ಳುವ ನಾವು, ಜಾಲತಾಣದ ವಿಷಯದಲ್ಲಿ ಮಾತ್ರ ಒಂದು ಸಾಲಿನ ಕೊಟೇಷನ್‌ಗೆ ಸಹಿ ಹಾಕುತ್ತೇವೆ. ಎಷ್ಟೋ ಕಡೆ ಡೊಮೈನ್ ಹೆಸರೂ ಸರ್ಚ್ ಕನ್ಸೋಲ್ ಖಾತೆಯೂ ನಿರ್ವಾಹಕರ ಸ್ವಂತ ಇ-ಮೇಲ್‌ನಲ್ಲಿವೆ. ಲೆಕ್ಕ ನೋಡಬೇಕೆಂದರೂ ಅವರನ್ನೇ ಕೇಳಬೇಕು. ಇದು ಮೊದಲು ಸರಿಯಾಗಬೇಕು. ಬಳಿಕ ಕಾರ್ಯಾದೇಶದಲ್ಲಿ ಸ್ಪಷ್ಟವಾಗಿ ನಮೂದಾಗಬೇಕಾದದ್ದು ಇಷ್ಟು: ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಪುಟದ ಅಥವಾ ಚಿತ್ರದ ಯಾವ ವಿಳಾಸವೂ ಬದಲಾಗಕೂಡದು, ಬದಲಾದರೆ ಹಳೆಯ ಮತ್ತು ಹೊಸ ವಿಳಾಸಗಳ ಪಟ್ಟಿಯನ್ನು ಎಕ್ಸೆಲ್ ಹಾಳೆಯಲ್ಲಿ ಕೊಡಬೇಕು, 301 ಮರುನಿರ್ದೇಶನ ಕನಿಷ್ಠ ಒಂದು ವರ್ಷ ಉಳಿಯಬೇಕು, ಸಾಧ್ಯವಾದರೆ ಎಂದೆಂದಿಗೂ, ಮೂಲ ಕಡತಗಳನ್ನು ಅಳಿಸಕೂಡದು, ಪೂರ್ಣ ಮೊತ್ತದ ಒಂದು ಭಾಗವನ್ನು, ಹತ್ತಾರು ಹಳೆಯ ವಿಳಾಸಗಳನ್ನು ಮಾಲೀಕರು ತಾವೇ ತೆರೆದು ಪರೀಕ್ಷಿಸಿದ ನಂತರ ಪಾವತಿಸಲಾಗುವುದು. ಈ ಪರೀಕ್ಷೆಗೆ ತಾಂತ್ರಿಕ ಜ್ಞಾನವೇನೂ ಬೇಡ, ಹಳೆಯ ವಿಳಾಸವನ್ನು ಬ್ರೌಸರಿನಲ್ಲಿ ಟೈಪಿಸಿ ಚಿತ್ರ ಬರುತ್ತದೋ ಇಲ್ಲವೋ ನೋಡಿದರೆ ಆಯಿತು.

ಸಮಯದ ಬಗ್ಗೆಯೂ ಒಂದು ಮಾತು. ಇಂಥ ಕೆಲಸಗಳನ್ನು ಆಷಾಢದಲ್ಲಿ, ವ್ಯಾಪಾರ ಮಂದವಿರುವಾಗ ಮಾಡಿಸೋಣವೆಂಬುದು ಜವಳಿಯವರ ಸಹಜ ಆಲೋಚನೆ. ಆದರೆ ಆಷಾಢ ಮುಗಿದರೆ ಶ್ರಾವಣ. ಅಲ್ಲಿಂದ ಗೌರಿ ಗಣೇಶ, ದಸರಾ, ದೀಪಾವಳಿ. ಚಿತ್ರಗಳು ಪಟ್ಟಿಗೆ ಮರಳಲು ತಿಂಗಳುಗಳು ಬೇಕಾದರೆ ಇಡೀ ಹಬ್ಬದ ಋತು ಕೈತಪ್ಪುತ್ತದೆ. ದೀಪಾವಳಿ ಕಳೆದ ಮೇಲೆ ಸ್ವಲ್ಪ ಚಿತ್ರಗಳನ್ನಷ್ಟೇ ಬದಲಾಯಿಸಿ, ಫಲಿತಾಂಶ ನೋಡಿ, ಉಳಿದದ್ದಕ್ಕೆ ಕೈಹಾಕುವುದು ಕ್ಷೇಮ.

ಈ ಮಾತುಗಳು ಒಂದು ಬಾರಿಯ ಬದಲಾವಣೆಗೆ ಮಾತ್ರ ಸಂಬಂಧಿಸಿದ್ದಲ್ಲ. ವೆಬ್‌ಪಿಗಿಂತಲೂ ಚಿಕ್ಕದಾದ ಎವಿಐಎಫ್ ಎಂಬ ಫಾರ್ಮ್ಯಾಟ್ ಆಗಲೇ ಬಾಗಿಲಲ್ಲಿ ನಿಂತಿದೆ. 2024ರ ಆರಂಭದ ತಿಂಗಳುಗಳಲ್ಲಿ ವರ್ಡ್‌ಪ್ರೆಸ್, ಅದೇ ವರ್ಷದ ಆಗಸ್ಟಿನಲ್ಲಿ ಗೂಗಲ್‌ನ ಶೋಧ ಅದನ್ನು ಅಂಗೀಕರಿಸಿವೆ. ಹೊಸ ಕೊಟೇಷನ್‌ಗಳು ಬರುವುದು ಖಚಿತ. ಆದ್ದರಿಂದ ನಮ್ಮ ಸಂಸ್ಥೆಯು ಮಾಹಿತಿ ತಂತ್ರಜ್ಞಾನ ಬಲ್ಲ ಸದಸ್ಯರನ್ನೂ ಒಬ್ಬ ವಕೀಲರನ್ನೂ ಕೂಡಿಸಿ, ಜಾಲತಾಣ ನಿರ್ವಹಣೆಯ ಮಾದರಿ ಕಾರ್ಯಾದೇಶವೊಂದನ್ನು ಎರಡು ಪುಟಗಳಿಗೆ ಮೀರದಂತೆ ಸಿದ್ಧಪಡಿಸಿ ಈ ಪತ್ರಿಕೆಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ವಾರ್ಷಿಕ ನಿರ್ವಹಣಾ ಒಪ್ಪಂದಗಳಲ್ಲಿ ಹೆಚ್ಚಿನವು ಏಪ್ರಿಲ್‌ನಲ್ಲಿ ನವೀಕರಣಗೊಳ್ಳುವುದರಿಂದ ಫೆಬ್ರವರಿ ಸಂಚಿಕೆಯೊಳಗೆ ಅದು ಸದಸ್ಯರ ಕೈಸೇರಿದರೆ ಅನುಕೂಲ.